ಕಂಪ್ಯೂಟರಿನ ಮೂಲೆಯಲ್ಲಿದ್ದ ಹಸಿರು ಅಂಕಿ

ಹೋದ ವರ್ಷ ರಾಗಿ ಒಕ್ಕಣೆ ಮುಗಿದು, ಹುಲ್ಲು ಬಣವೆ ಏರಿದ ಮೇಲೆ ನಡೆದದ್ದು ಇದು. ನಮ್ಮದು ಗಂಡಸಿ ಹತ್ತಿರದ ಹಳ್ಳಿ. ನನಗೆ ಓದು ಬರಹ ಅಷ್ಟಕ್ಕಷ್ಟೆ. ಬಸ್ಸಿನ ಬೋರ್ಡು ಓದುತ್ತೇನೆ, ಅಂಕಿ ಚೆನ್ನಾಗಿ ಗೊತ್ತು. ನಾನು ಬರೆದದ್ದನ್ನು ಮೊಮ್ಮಗಳು ಮೇಘನಾ ತಿದ್ದಿದ್ದಾಳೆ. ಕಾಗುಣಿತ ಅವಳದು, ಮಾತು ನನ್ನದು.

ಅದಕ್ಕೂ ಹಿಂದಿನ ವರ್ಷ ನನಗೆ ಲಕ್ವ ಹೊಡೆದಿತ್ತು. ಬೆಳಗ್ಗೆ ಹಾಲು ಕರೆಯುತ್ತಾ ಕೂತಿದ್ದೆ. ಬಲಗೈ ತನ್ನ ಪಾಡಿಗೆ ಎಳೆಯುತ್ತಿತ್ತು, ಎಡಗೈ ತಡ ಮಾಡತೊಡಗಿತು. ನಾನು ಎಳೆಯಬೇಕು ಅಂದುಕೊಂಡದ್ದು ಒಂದು ಹೊತ್ತಿಗೆ, ಕೈ ಎಳೆದದ್ದು ಇನ್ನೊಂದು ಹೊತ್ತಿಗೆ. ಹಸು ಕತ್ತು ತಿರುಗಿಸಿ ನನ್ನನ್ನು ನೋಡಿತು. ನನಗಿಂತ ಮೊದಲು ಅದಕ್ಕೇ ಗೊತ್ತಾಗಿತ್ತು. ಆಮೇಲೆ ಚೊಂಬು ಉರುಳಿದ್ದು ನೆನಪಿದೆ, ನಾನು ಉರುಳಿದ್ದು ನೆನಪಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ಬದುಕಿಸಿದರು. ಕೈ ಕಾಲು ಮುಕ್ಕಾಲು ಭಾಗ ವಾಪಸ್ ಬಂತು. ಬಿಡುವಾಗ ಡಾಕ್ಟರು ನನ್ನ ಮಗ ರಂಗಸ್ವಾಮಿಗೆ, "ಇನ್ನೊಂದು ಸಲ ಆದ್ರೆ ಕಷ್ಟ, ಏನಾದ್ರೂ ವ್ಯತ್ಯಾಸ ಕಂಡ ತಕ್ಷಣ ಕರ್ಕೊಂಡು ಬನ್ನಿ" ಎಂದರು. ಮಗನಿಗೆ ಹೇಳಿದ್ದು, ಆದರೆ ಕೇಳಿಸಿಕೊಂಡದ್ದು ನಾನು.

ಎರಡನೇ ಸಲ ಆದರೆ ಏನಾಗುತ್ತದೆ ಎಂದು ನನಗೆ ಡಾಕ್ಟರು ಹೇಳಬೇಕಾಗಿರಲಿಲ್ಲ. ನಮ್ಮ ಅತ್ತೆಗೆ ಆಗಿತ್ತು. ಅವರು ವರ್ಷಗಟ್ಟಲೆ ಮೂಲೆಯ ಕೋಣೆಯಲ್ಲಿ ಮಲಗಿದ್ದರು. ಅವರ ಹೇಲು ಉಚ್ಚೆ ಬಾಚಿದ್ದು ನಾನೇ. ನಾನು ಸೀರೆ ಬದಲಿಸುವಾಗ ಅವರು ಗೋಡೆಯ ಕಡೆ ಮುಖ ಮಾಡಿಕೊಂಡು ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದರು. ಊರಿಗೆಲ್ಲ ಜೋರು ಮಾಡಿದ ಹೆಂಗಸು. ನನಗೆ ಸಾವಿನ ಭಯ ಇಲ್ಲ. ಆ ಗೋಡೆಯ ಭಯ ಇದೆ.

ಅರಸೀಕೆರೆಯಲ್ಲಿ ಕೈಕಾಲಿಗೆ ವ್ಯಾಯಾಮ ಹೇಳಿಕೊಡುವ ಒಬ್ಬ ಹೆಣ್ಣುಮಗಳು ಇದ್ದಾಳೆ. ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಅವಳು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದಳು. ಹಗಲೆಲ್ಲ ಅದನ್ನು ಹಿಸುಕುತ್ತಾ ಕೂರುವುದು ನನ್ನಿಂದ ಆಗಲಿಲ್ಲ. ಎಸೆದೆ, ನಾಯಿ ಎತ್ತಿಕೊಂಡು ಹೋಯಿತು. ಬೆರಳು ಒಂದೊಂದನ್ನೇ ಹೆಬ್ಬೆರಳಿಗೆ ಮುಟ್ಟಿಸುವುದೊಂದನ್ನು ಮಾತ್ರ ಮಾಡುತ್ತಿದ್ದೆ.

ಆಗ ಮೇಘನಾ ಒಂದು ಉಪಾಯ ಮಾಡಿದಳು. ಅವಳು ಅರಸೀಕೆರೆಯ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಾಳೆ. ಮನೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದಾಳೆ, ಬಿಡಿಭಾಗ ತರಿಸಿ ತಾನೇ ಜೋಡಿಸಿದ್ದು. ಅದರಲ್ಲಿ ಒಂದು ಗಾಡಿ ಓಡಿಸುವ ಆಟ ಇತ್ತು. ಘಾಟಿಯ ರಸ್ತೆ, ಒಂದು ಸಾಮಾನಿನ ವ್ಯಾನು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ.

"ಅಜ್ಜಿ, ಎಡಗೈಗೆ ನಾಕೇ ಗುಂಡಿ. ಮುಂದಕ್ಕೆ, ಹಿಂದಕ್ಕೆ, ಆ ಕಡೆ, ಈ ಕಡೆ. ಬಲಗೈ ತಂದ್ಯೋ, ಆಟ ಬಂದ್" ಎಂದು ಆ ನಾಲ್ಕು ಗುಂಡಿಗೆ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಬೊಟ್ಟು ಇಟ್ಟಳು.

"ಈ ವಯಸ್ಸಲ್ಲಿ ನಂಗೆ ಲೈಸೆನ್ಸ್ ಯಾರು ಕೊಟ್ಟಾರು" ಎಂದೆ. ಆದರೆ ಕೂತೆ.

ಮೊದಮೊದಲು ವ್ಯಾನು ಪ್ರಪಾತದಲ್ಲೇ ಇರುತ್ತಿತ್ತು. ಸೊಸೆ ಲತಾ ಬಾಗಿಲಲ್ಲಿ ನಿಂತು, "ಅತ್ತೆ, ಪ್ಯಾಸೆಂಜರ್ ಯಾರೂ ಇಲ್ಲ ತಾನೆ" ಎಂದು ಕೇಳುತ್ತಿದ್ದಳು. ದಿನ ಕಳೆದಂತೆ ಬೆರಳು ಮಾತು ಕೇಳತೊಡಗಿತು. ಎರಡು ತಿರುವು ದಾಟಿದೆ, ಸೇತುವೆ ದಾಟಿದೆ. ರಬ್ಬರ್ ಚೆಂಡಿನಿಂದ ಆಗದ್ದು ಇದರಿಂದ ಆಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಆ ಆಟದ ಹುಚ್ಚು ಹಿಡಿಯಿತು. ಮಧ್ಯಾಹ್ನ ಊಟ ಆಗಿ ಎಲ್ಲರೂ ಅಡ್ಡಾದರೆ ನಾನು ಆ ಕೋಣೆಗೆ ಹೋಗಿ ಕೂರುತ್ತಿದ್ದೆ.

ಕಂಪ್ಯೂಟರಿನ ಪರದೆಯ ಮೇಲೆ ಎಡ ಮೂಲೆಯಲ್ಲಿ ಒಂದು ಹಸಿರು ಅಂಕಿ ಕಾಣುತ್ತಿತ್ತು. ಅದು ನಿಂತಲ್ಲಿ ನಿಲ್ಲುವುದಿಲ್ಲ, ಏರುತ್ತದೆ ಇಳಿಯುತ್ತದೆ. ಮೇಘನಾ ನನ್ನ ಪಕ್ಕ ಕೂತು ಅದನ್ನೇ ನೋಡುತ್ತಿದ್ದಳು. ಮೊದಲು ನಲವತ್ತರ ಆಸುಪಾಸು ಇತ್ತು. ಅವಳು ಆಟದೊಳಗೆ ಏನೇನೋ ಒತ್ತಿ ಮರಗಳ ನೆರಳು ತೆಗೆದಳು, ರಸ್ತೆ ಬದಿಯ ಹುಲ್ಲು ತೆಗೆದಳು, ದೂರದ ಗುಡ್ಡ ಮಸುಕು ಮಾಡಿದಳು. ಅಂಕಿ ಐವತ್ತೈದಕ್ಕೆ ಬಂತು.

"ಈಗ ನೋಡಜ್ಜಿ, ಹೆಂಗೆ ಚೆನ್ನಾಗಾಯ್ತು. ಅರವತ್ತರ ಹತ್ರ ಇದ್ರೆ ಯಾವ ತೊಂದ್ರೇನೂ ಇಲ್ಲ. ಮೂವತ್ತಕ್ಕಿಂತ ಕೆಳಗಿಳಿದ್ರೆ ಕೆಟ್ಟೋಯ್ತು ಅಂತ ಲೆಕ್ಕ" ಎಂದಳು.

ನಾನು ತಲೆಯಾಡಿಸಿದೆ. ನನಗೆ ಅರ್ಥವಾದದ್ದು ಇಷ್ಟು: ಆ ಅಂಕಿ ನನ್ನ ಎಡಗೈಯದು.

ನಗಬೇಡಿ. ಈ ವಯಸ್ಸಿಗೆ ನಾನು ಕಂಡ ಅಂಕಿ ತೋರಿಸುವ ಮಿಷನ್ನುಗಳೆಲ್ಲ ನನ್ನನ್ನು ಅಳೆದವು, ಇಲ್ಲವೇ ನನ್ನ ಹಸುವಿನ ಹಾಲನ್ನು ಅಳೆದವು. ತೋಳಿಗೆ ಪಟ್ಟಿ ಸುತ್ತಿ ಬಿಪಿ ಅನ್ನುತ್ತಾರೆ, ಬೆರಳು ಚುಚ್ಚಿ ಶುಗರ್ ಅನ್ನುತ್ತಾರೆ. ಡೈರಿಯಲ್ಲಿ ಹಾಲು ಸುರಿದರೆ ಜಿಡ್ಡು ಎಷ್ಟು ಎಂದು ತೋರಿಸುತ್ತದೆ. ಯಾವ ಮಿಷನ್ನೂ ತನ್ನದೇ ಆರೋಗ್ಯವನ್ನು ಬರೆದು ತೋರಿಸಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಬೆರಳು ಪಳಗಿದ ಹೊತ್ತಿಗೇ ಅಂಕಿಯೂ ಏರಿತ್ತು. ಇನ್ನೇನು ಅನುಮಾನ. ದಿನಾ ಹೋಗಿ ಕೂತು ಮೊದಲು ಆ ಮೂಲೆ ನೋಡುತ್ತಿದ್ದೆ. ಐವತ್ತೈದು, ಐವತ್ತೆಂಟು ಕಂಡರೆ ಆ ದಿನ ಊಟ ಸೇರುತ್ತಿತ್ತು.

ಅಷ್ಟರಲ್ಲಿ ಬೇಲೂರಿನಲ್ಲಿರುವ ನನ್ನ ಮಗಳು ಶಾರದೆಗೆ ಹೊಟ್ಟೆಯ ಆಪರೇಷನ್ ಆಯಿತು. ಭಾರ ಎತ್ತಬಾರದು ಎಂದಿದ್ದರು. ಕಾಲೇಜಿಗೆ ರಜೆ ಇದ್ದುದರಿಂದ ಮೇಘನಾ ತನ್ನ ಸೋದರತ್ತೆಯ ಮನೆಗೆ ಅಡುಗೆಗೆಂದು ಹೋದಳು. ಹೋಗುವಾಗ, "ಅಜ್ಜಿ, ಆಟ ಬಿಡ್ಬೇಡ. ನಾ ಬರೋ ಹೊತ್ಗೆ ಸುರಂಗ ದಾಟಿರ್ಬೇಕು" ಎಂದಳು.

ಅವಳು ಹೋದ ಮೇಲೆ ಕೆಲವು ದಿನ ಎಲ್ಲ ಸರಿಯಾಗಿತ್ತು. ಆಮೇಲೆ ಒಂದು ಮಧ್ಯಾಹ್ನ ಕೂತೆ. ವ್ಯಾನು ಹೊರಟಿತು. ಮೊದಲ ತಿರುವು ಬಂತು, ಎಡಕ್ಕೆ ಒತ್ತಿದೆ. ವ್ಯಾನು ತಿರುಗಲಿಲ್ಲ. ಒಂದು ಗಳಿಗೆ ಬಿಟ್ಟು ತಿರುಗಿತು. ಅಷ್ಟರಲ್ಲಿ ರಸ್ತೆ ಮುಗಿದಿತ್ತು.

ಮತ್ತೆ ಹೊರಟೆ. ಮತ್ತೆ ಹಾಗೇ ಆಯಿತು. ಒತ್ತಿದ್ದು ಒಂದು ಹೊತ್ತಿಗೆ, ತಿರುಗಿದ್ದು ಇನ್ನೊಂದು ಹೊತ್ತಿಗೆ. ಬಂಡೆ, ಮರ ಎಲ್ಲ ನಡುನಡುವೆ ನಿಂತು ನಿಂತು ಬರುತ್ತಿದ್ದವು. ಕಣ್ಣುಜ್ಜಿಕೊಂಡೆ. ಮೂಲೆ ನೋಡಿದೆ.

ಇಪ್ಪತ್ತಾರು.

ಹಸು ಕತ್ತು ತಿರುಗಿಸಿ ನೋಡಿದ್ದು ಕಣ್ಣ ಮುಂದೆ ಬಂತು. ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು ನೋಡಿದೆ. ನೋಡಲು ಅದೇ ಕೈ.

ಮರುದಿನ ಇಪ್ಪತ್ತೇಳು. ಅದರ ಮರುದಿನ ಇಪ್ಪತ್ತೈದು. ಒಂದು ದಿನವೂ ಮೂವತ್ತು ಮುಟ್ಟಲಿಲ್ಲ. ಊಟಕ್ಕೆ ಮುಂಚೆ ನೋಡಿದೆ, ಊಟ ಆದ ಮೇಲೆ ನೋಡಿದೆ, ಮಾತ್ರೆ ನುಂಗಿ ನೋಡಿದೆ. ಕೈಗೆ ಬಿಸಿ ಎಣ್ಣೆ ಹಚ್ಚಿಕೊಂಡು ನೋಡಿದೆ. ಗುಂಡಿಗಳಿಗೆ ಎಣ್ಣೆ ಮೆತ್ತಿಕೊಂಡಿತೇ ಹೊರತು ಅಂಕಿ ಏರಲಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗ ಮರುಗಳಿಗೆಯಲ್ಲಿ ಕಾರು ತರಿಸಿ ಹಾಸನಕ್ಕೆ ಹೊರಡಿಸುತ್ತಾನೆ. ಅಲ್ಲಿ ಮಲಗಿಸುತ್ತಾರೆ. ಮಲಗಿದವರು ಏಳುತ್ತಾರೆ ಎಂದು ಏನು ಖಾತ್ರಿ. ನಿಂತಿರುವಷ್ಟು ದಿನ ನಿಂತಿರೋಣ ಅಂದುಕೊಂಡೆ.

ಆದರೆ ಭಯ ಒಳಗೆ ಹೊಕ್ಕರೆ ಸುಮ್ಮನೆ ಕೂರುವುದಿಲ್ಲ. ಕನ್ನಡಿಯಲ್ಲಿ ನೋಡಿದರೆ ಬಾಯಿ ಒಂದು ಕಡೆ ಸೊಟ್ಟಗಿದ್ದಂತೆ ಕಂಡಿತು. ಮೊದಲೂ ಹೀಗೇ ಇತ್ತೋ ಏನೋ, ನನ್ನ ಮುಖವನ್ನು ನಾನು ಅಷ್ಟು ಹೊತ್ತು ಯಾವತ್ತೂ ನೋಡಿರಲಿಲ್ಲ. ನಾಲಿಗೆ ದಪ್ಪಗಾದಂತೆ ಅನ್ನಿಸಿತು. ಎಲೆಅಡಿಕೆ ಹಾಕಿದರೆ ಸೊಟ್ಟ ತಿಳಿಯುವುದಿಲ್ಲವೆಂದು ಎಲೆಅಡಿಕೆ ಬಿಟ್ಟೆ. ಹಾಲು ಕರೆಯುವಾಗ ಕಣ್ಣು ಹಾಲಿನ ಮೇಲೆ ಇರುತ್ತಿರಲಿಲ್ಲ, ಹಸುವಿನ ಮುಖದ ಮೇಲೆ ಇರುತ್ತಿತ್ತು. ಅದು ತಿರುಗಿ ನೋಡೀತೋ ಎಂದು. ಅದು ತಿರುಗಲಿಲ್ಲ. ಅದಕ್ಕೂ ವಯಸ್ಸಾಗಿದೆ, ಅದರ ಮಾತು ನಂಬುವುದು ಹೇಗೆ.

ಕೊನೆಗೆ ಮೊರ ಹಿಡಿದು ನೋಡೋಣ ಎಂದುಕೊಂಡೆ. ರಾಗಿ ಕೇರುವುದಕ್ಕೆ ಎರಡು ಕೈಯೂ ಒಂದೇ ಸಮ ಏಳಬೇಕು. ಒಂದು ಕೈ ಹಿಂದೆ ಬಿದ್ದರೆ ಹೊಟ್ಟಿನ ಜೊತೆ ಕಾಳೂ ನೆಲಕ್ಕೆ ಹೋಗುತ್ತದೆ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಕಾಳು ಚೆಲ್ಲದೆ ಕೇರಿದ ದಿನವೇ ನಾನು ಬದುಕಿದೆ ಎಂದು ನಂಬಿದ್ದು. ಜಗಲಿಯಲ್ಲಿ ಕೂತು ಒಂದು ಸೇರು ರಾಗಿ ಮೊರಕ್ಕೆ ಹಾಕಿಕೊಂಡು ಕೇರಿದೆ. ಕಾಳು ಬುಳುಬುಳು ಎಂದು ಚೆಲ್ಲಿತು. ಕೋಳಿಗಳು ಓಡಿ ಬಂದವು.

ಲತಾ ಒಳಗಿಂದ ಬಂದು ನೋಡಿದಳು. "ಯಾಕತ್ತೆ, ಕಾಳೆಲ್ಲ ಹೋಗ್ತಾ ಐತಲ್ಲ."

"ಗಾಳಿ ಕಣೇ."

"ಗಾಳಿ ಎಲ್ಲೈತೆ? ಎಲೆ ಅಲ್ಲಾಡ್ತಿಲ್ಲ."

"ಕೋಳಿಗೂ ಬೇಡ್ವಾ ಒಂದಿಷ್ಟು" ಎಂದೆ. ಅವಳು ನನ್ನ ಮುಖ ನೋಡಿದಳು. ನಾನು ಸೊಟ್ಟ ಕಾಣದಿರಲಿ ಎಂದು ಬಾಯಿಗೆ ಸೆರಗು ಹಿಡಿದುಕೊಂಡೆ.

ಆ ವಾರವೇ ಅರಸೀಕೆರೆಗೆ ಹೋಗುವ ದಿನ ಬಂತು. ಯಾವಾಗಲೂ ಒಬ್ಬಳೇ ಹೋಗುವವಳು, ಆದ್ದರಿಂದ ಯಾರೂ ಏನೂ ಕೇಳಲಿಲ್ಲ. ಆ ವ್ಯಾಯಾಮದ ಹೆಣ್ಣುಮಗಳು ಕೈ ಹಿಸುಕಿಸಿದಳು, ಎತ್ತಿಸಿದಳು, ಗೆರೆಯ ಮೇಲೆ ನಡೆಸಿದಳು.

"ಚೆನ್ನಾಗಿದ್ದೀರಲ್ಲಮ್ಮ" ಎಂದಳು.

"ಇಲ್ಲ ಕಣಮ್ಮ. ಇಪ್ಪತ್ತಾರಕ್ಕೆ ಇಳಿದೈತೆ."

"ಏನು ಇಪ್ಪತ್ತಾರು?"

"ಮಿಷನ್ನಲ್ಲಿ. ಮನೇಲೈತೆ."

"ಶುಗರ್ರಾ? ಅಷ್ಟು ಕಮ್ಮಿ ಇದ್ದಿದ್ರೆ ನೀವಿಲ್ಲಿಗೆ ನಡ್ಕೊಂಡು ಬರ್ತಿರ್ಲಿಲ್ಲ."

"ಶುಗರ್ ಅಲ್ಲ. ಕೈದು. ಮೊದ್ಲು ಐವತ್ತೈದಿತ್ತು. ಒತ್ತಿದ್ ಮೇಲೆ ತಡವಾಗಿ ತಿರುಗ್ತೈತೆ."

ಅವಳಿಗೆ ಅರ್ಥವಾಗಲಿಲ್ಲ. ಆದರೆ 'ತಡವಾಗಿ' ಎಂದ ಕೂಡಲೇ ಮುಖ ಬದಲಾಯಿತು. ಮತ್ತೆ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದಳು. "ನನಗೇನೂ ಕಾಣ್ತಿಲ್ಲ. ಆದ್ರೂ ಮನೆಯವ್ರನ್ನ ಕರ್ಕೊಂಡು ಹೋಗಿ ಒಂದು ಸ್ಕ್ಯಾನ್ ಮಾಡ್ಸಿಬಿಡಿ. ತಡ ಮಾಡ್ಬೇಡಿ. ಮಗನ ನಂಬರ್ ಕೊಡಿ, ನಾನೇ ಹೇಳ್ತೀನಿ" ಎಂದಳು.

"ನಂಬರ್ ಬಾಯಿಗೆ ಬರಲ್ಲ" ಎಂದು ಎದ್ದು ಬಂದುಬಿಟ್ಟೆ.

ಬಸ್ ಸ್ಟ್ಯಾಂಡಿನಲ್ಲಿ ಗಂಡಸಿ ಕಡೆಯ ಬಸ್ಸು ನಿಂತಿತ್ತು. ಪಕ್ಕದಲ್ಲೇ ಬೇಲೂರಿನ ಬಸ್ಸೂ ನಿಂತಿತ್ತು. ಗಂಡಸಿಗೆ ಹೋದರೆ ಮಗ, ಹಾಸನ, ಹಾಸಿಗೆ. ಬೇಲೂರಿನಲ್ಲಿ ಮೇಘನಾ ಇದ್ದಾಳೆ. ಅಂಕಿಯ ಲೆಕ್ಕ ಹೇಳಿದವಳು ಅವಳು. ಇಪ್ಪತ್ತಾರು ಎಂದರೆ ಇನ್ನೆಷ್ಟು ಉಳಿದಿದೆ ಎಂದು ಅವಳೇ ಹೇಳಲಿ. ಬೇಲೂರಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ.

ಕಂಡಕ್ಟರ್ ಬಂದು, "ಎಲ್ಲಿಗಜ್ಜಿ" ಎಂದ.

"ಬೇಲೂರು" ಎಂದೆ.

"ಎಲ್ಲಿಗೆ?"

ನಾನು ಬೇಲೂರು ಎಂದೇ ಹೇಳಿದ್ದೆ. ನನ್ನ ಕಿವಿಗೆ ಹಾಗೇ ಕೇಳಿಸಿತ್ತು. ನಮ್ಮ ಅತ್ತೆಯೂ ಹೀಗೇ, ಅವರ ಪಾಲಿಗೆ ಅವರು ನೀರು ಕೇಳುತ್ತಿದ್ದರು, ನಮಗೆ ಬರೀ ಊ ಊ ಎಂದು ಕೇಳುತ್ತಿತ್ತು. ನಾಲಿಗೆಯೂ ಹೋಯಿತು ಅಂದುಕೊಂಡೆ. ಇದ್ದ ಉಸಿರೆಲ್ಲ ಎಳೆದು, "ಬೇಲೂರು" ಎಂದು ಕೂಗಿದೆ. ಮುಂದಿನ ಸೀಟಿನ ಮಗು ಅಳತೊಡಗಿತು.

"ನನ್ ಕಿವಿ ಸರಿಯಾಗೈತೆ ಅಜ್ಜಿ, ಎಂಜಿನ್ ಸದ್ದು" ಎಂದ ಕಂಡಕ್ಟರ್. "ಆಧಾರ್ ತೋರ್ಸು. ಹೆಂಗಸರಿಗೆ ಪುಕ್ಕಟೆ ಅಂತ ಬಸ್ಸನ್ನೇ ಅದುರಿಸ್ತೀಯಲ್ಲ."

ಜನ ನಕ್ಕರು. ನನಗೆ ನಗು ಬರಲಿಲ್ಲ. ಜಾವಗಲ್ ಹೋಯಿತು. ಹಳೇಬೀಡಿನಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಕೆರೆ ಏರಿಯ ಕಡೆಯಿಂದ ಗಾಳಿ ಬರುತ್ತಿತ್ತು. ಗುಡಿ ನೋಡಲು ಬಂದ ಶಾಲೆಯ ಮಕ್ಕಳು ಒಂದೇ ಬಣ್ಣದ ಬಟ್ಟೆ ಹಾಕಿಕೊಂಡು ಸಾಲಾಗಿ ಹೋಗುತ್ತಿದ್ದರು. ನಾನು ಸೆರಗಿನೊಳಗೆ ಎಡಗೈಯ ಬೆರಳು ಒಂದೊಂದೇ ಹೆಬ್ಬೆರಳಿಗೆ ಮುಟ್ಟಿಸುತ್ತಿದ್ದೆ. ನಾಲ್ಕೂ ಮುಟ್ಟುತ್ತಿದ್ದವು. ಆದರೂ ನನಗೆ ನಂಬಿಕೆ ಬರಲಿಲ್ಲ. ಬೆರಳು ಹೇಳುವುದು ಹೆಚ್ಚೋ, ಮಿಷನ್ನು ಹೇಳುವುದು ಹೆಚ್ಚೋ. ಆಸ್ಪತ್ರೆಯಲ್ಲಿ ನಾನು ಚೆನ್ನಾಗಿದ್ದೇನೆ ಎಂದರೂ ಅವರು ಮಿಷನ್ನನ್ನೇ ನೋಡುತ್ತಿದ್ದರು.

ಬೇಲೂರಿನಲ್ಲಿ ಇಳಿದು ಆಟೋ ಹಿಡಿದು ಶಾರದೆಯ ಮನೆಗೆ ಹೋದೆ. ಬಾಗಿಲು ತೆರೆದವಳು ಮೇಘನಾ. ಕೈಯಲ್ಲಿ ಸೌಟು.

"ಅಜ್ಜಿ? ಒಬ್ಳೇ ಬಂದ್ಯಾ? ಅಪ್ಪಂಗೆ ಗೊತ್ತಾ?"

"ಹಿತ್ತಲಿಗೆ ಬಾ" ಎಂದೆ. ಒಳಗೆ ಶಾರದೆ ಮಲಗಿದ್ದಳು. ಹೊಟ್ಟೆಗೆ ಹೊಲಿಗೆ ಇರುವವಳಿಗೆ ಇದನ್ನು ಕೇಳಿಸುವುದು ಬೇಡ.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಹೇಳಿದೆ. "ನಂಗೆ ಎರಡ್ನೇದು ಹೊಡೆದೈತೆ ಕಣೇ."

ಸೌಟು ಕೆಳಗೆ ಬಿತ್ತು. ನನ್ನನ್ನು ಕಲ್ಲಿನ ಮೇಲೆ ಕೂರಿಸಿ ನನ್ನ ಎರಡು ಕೈ ಹಿಡಿದುಕೊಂಡಳು. "ಅಜ್ಜಿ, ಕೈ ಎರಡೂ ಎತ್ತು. ಹಂಗೇ ಇರು. ಈಗ ಹಲ್ಲು ಕಿರಿ."

"ಹಲ್ಲೆಲ್ಲೈತೆ ಕಿರಿಯೋಕೆ."

"ಇರೋದನ್ನೇ ಕಿರಿ. ಸರಿ. ಈಗ ನೀ ಹತ್ತಿದ ಬಸ್ಸಿನ ಊರುಗಳ ಹೆಸರು ಹೇಳು, ತಡೀದಂಗೆ."

"ಗಂಡಸಿ, ಅರಸೀಕೆರೆ, ಜಾವಗಲ್, ಹಳೇಬೀಡು, ಬೇಲೂರು. ನಿಮ್ಮತ್ತೆ ಮನೆ ಹಿತ್ಲು."

ಅವಳು ನನ್ನ ಮುಖವನ್ನೇ ನೋಡಿದಳು. "ಎಲ್ಲ ಸರಿಯಾಗೇ ಐತಲ್ಲ. ನಿಂಗೆ ಯಾರು ಹೇಳಿದ್ದು ಹೊಡೆದೈತೆ ಅಂತ?"

"ನೀನೇ ಹೇಳಿದ್ದು. ಮೂವತ್ತಕ್ಕಿಂತ ಇಳಿದ್ರೆ ಕೆಟ್ಟೋಯ್ತು ಅಂತ. ಇಪ್ಪತ್ತಾರಾಗೈತೆ. ದಿನಾ ಅಷ್ಟೇ. ಒತ್ತಿದ ಮೇಲೆ ಎಷ್ಟೋ ಹೊತ್ತಿಗೆ ಗಾಡಿ ತಿರುಗ್ತೈತೆ. ಅವತ್ತು ಹಾಲು ಕರೀವಾಗ ಆಯ್ತಲ್ಲ, ಥೇಟ್ ಹಂಗೇ."

ಅವಳು ನೆಲಕ್ಕೇ ಕೂತುಬಿಟ್ಟಳು. ಬಾಯಿಗೆ ಕೈ ಅಡ್ಡ ಹಿಡಿದಳು. ನಗುತ್ತಾಳೇನೋ ಅಂದುಕೊಂಡೆ. ನಕ್ಕಿದ್ದರೆ ಹೊಡೆಯುತ್ತಿದ್ದೆ. ಅವಳು ನಗಲಿಲ್ಲ.

"ಅಜ್ಜಿ," ಎಂದಳು ಮೆಲ್ಲಗೆ, "ಆ ಅಂಕಿ ನಿನ್ನ ಕೈದಲ್ಲ. ಕಂಪ್ಯೂಟರ್‌ದು. ಅದು ಒಂದು ಸೆಕೆಂಡಿಗೆ ಎಷ್ಟು ಚಿತ್ರ ಬರೀತೈತೆ ಅನ್ನೋ ಲೆಕ್ಕ. ಬೇಗ ಬೇಗ ಬರೆದ್ರೆ ಗಾಡಿ ನುಣ್ಣಗೆ ಹೋಗ್ತೈತೆ. ಬರೆಯೋಕಾಗ್ದೆ ಹಿಂದೆ ಬಿದ್ರೆ ನಿಂತು ನಿಂತು ಹೋಗ್ತೈತೆ. ನೀ ಒತ್ತಿದ್ದು ಸರಿಯಾಗೇ ಒತ್ತಿದ್ದೀಯ."

"ನನ್ ಸಮಾಧಾನಕ್ಕೆ ಹೇಳ್ಬೇಡ."

"ಸಮಾಧಾನ ಅಲ್ಲ ಕಣಜ್ಜಿ."

"ಹಂಗಾದ್ರೆ ಐವತ್ತೈದು ಬರ್ತಿದ್ದುದು ಯಾಕೆ ಇಳೀತು? ಕಂಪ್ಯೂಟರ್‌ಗೂ ಲಕ್ವ ಹೊಡೀತಾ?"

ಅವಳೂ ಯೋಚನೆಗೆ ಬಿದ್ದಳು. ಅವಳು ಯೋಚಿಸಿದಷ್ಟೂ ನನ್ನ ಭಯ ತಿರುಗಿ ಬಂತು. ಸುಳ್ಳು ಹೇಳಿ ಸಿಕ್ಕಿಹಾಕಿಕೊಂಡಿದ್ದಾಳೆ ಅನ್ನಿಸಿತು. ಆಸ್ಪತ್ರೆಯಲ್ಲೂ ಎಲ್ಲರೂ ನನ್ನ ಮುಂದೆ ಏನಿಲ್ಲ ಏನಿಲ್ಲ ಎನ್ನುತ್ತಿದ್ದರು, ಹೊರಗೆ ಹೋಗಿ ಅಳುತ್ತಿದ್ದರು.

ಅವಳು ಫೋನ್ ತೆಗೆದು ಅಪ್ಪನಿಗೆ ಮಾಡಿದಳು. ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

"ಅಪ್ಪ, ಎಲ್ಲಿದ್ದೀಯ?"

"ಮನೇಲಿ. ಅವ್ವ ಇನ್ನೂ ಬಂದಿಲ್ಲ ಕಣಮ್ಮಿ, ಅರಸೀಕೆರೆಗೆ ಹೋದೋಳು."

"ಇಲ್ಲೇ ಅವಳೆ. ಚೆನ್ನಾಗವಳೆ. ಆಮೇಲೆ ಹೇಳ್ತೀನಿ. ನೀನೀಗ ನನ್ ಕಂಪ್ಯೂಟರ್ ಹಾಕು. ಅಜ್ಜಿ ಆಟ ಐತಲ್ಲ, ಅದನ್ನ ಹಾಕಿ ಗಾಡಿ ಓಡ್ಸು."

"ಅಲ್ಲಿಗ್ಯಾಕೆ ಹೋದ್ಲು? ನಿಂಗೇನು ತಲೆಗಿಲೆ ಕೆಟ್ಟೈತಾ? ಹಸಕ್ಕೆ ನೀರು ಕುಡಿಸ್ಬೇಕು ನಾನು."

"ಅಪ್ಪ, ಹಾಕು."

ಅವಳ ದನಿ ಕೇಳಿ ಅವನು ಕೋಣೆಗೆ ಹೋದ. ಗುಂಡಿ ಒತ್ತಿದ್ದು, ಕುರ್ಚಿ ಎಳೆದದ್ದು ಎಲ್ಲ ಫೋನಿನಲ್ಲಿ ಕೇಳಿಸಿತು. ನಾನು ಕಲ್ಲಿನ ಅಂಚನ್ನು ಎರಡು ಕೈಯಲ್ಲೂ ಹಿಡಿದು ಕೂತಿದ್ದೆ. ಬಹಳ ಹೊತ್ತಾಯಿತು. ಆಮೇಲೆ ವ್ಯಾನಿನ ಸದ್ದು ಬಂತು.

"ಓಡ್ಸ್ತಾ ಇದೀನಿ. ಇದೇನ್ ಹಿಂಗೆ ತಡೀತಾ ಐತೆ. ಹೋಯ್ತು, ಹಳ್ಳಕ್ಕೆ ಬಿತ್ತು."

"ಮೂಲೇಲಿ ಹಸಿರು ಅಂಕಿ ಎಷ್ಟು ತೋರಿಸ್ತೈತೆ?"

"ಇಪ್ಪತ್ತೇಳು."

ನನ್ನ ಮಗ ತೆಂಗಿನಕಾಯಿಯನ್ನು ಮಂಡಿಗೆ ಊರಿ ಬರಿಗೈಯಲ್ಲಿ ಸಿಪ್ಪೆ ಎಳೆಯುವವನು. ಗಾಡಿ ಚಕ್ರ ಹಳ್ಳಕ್ಕೆ ಸಿಕ್ಕಿದರೆ ಊರವರು ಅವನನ್ನೇ ಕರೆಯುವುದು. ಆ ಕೈಗೂ ಇಪ್ಪತ್ತೇಳು. ಆಗ ನಂಬಿದೆ. ಮೊಮ್ಮಗಳ ಮಾತನ್ನಲ್ಲ, ಮಗನ ಕೈಯನ್ನು ನಂಬಿದೆ.

ಎದೆಯೊಳಗೆ ಕಟ್ಟಿದ್ದ ಹಗ್ಗ ಬಿಚ್ಚಿದಂತಾಯಿತು. ಕಲ್ಲಿನ ಅಂಚು ಬಿಟ್ಟು ಕೈ ಮಡಿಲಲ್ಲಿಟ್ಟುಕೊಂಡೆ.

ಮೇಘನಾ ಮಾತ್ರ ಬಿಡಲಿಲ್ಲ. "ಅಪ್ಪ, ನೀನೇನಾದ್ರೂ ಆ ಕಂಪ್ಯೂಟರ್ ಡಬ್ಬ ಬಿಚ್ಚಿದ್ಯಾ?"

"ಹಸು ಕೂಗ್ತಾ ಐತೆ ಕಣಮ್ಮಿ, ಇಡ್ತೀನಿ."

"ಅಪ್ಪ."

"ಬಿಚ್ಚಿದ್ದು ನಾನಲ್ಲ. ರಿಪೇರಿಯೋನು" ಎಂದ. ಆಮೇಲೆ ಒಂದೊಂದೇ ಹೊರಗೆ ಬಂತು. ನನ್ನ ಮಗ ಊರ ಹಾಲಿನ ಡೈರಿಯ ಲೆಕ್ಕ ನೋಡುತ್ತಾನೆ. ಒಂದು ಬೆಳಗ್ಗೆ ಡೈರಿಯ ಕಂಪ್ಯೂಟರ್ ಹೊತ್ತಲಿಲ್ಲ. ಜನ ಹಾಲಿನ ಕ್ಯಾನು ಹಿಡಿದು ನಿಂತಿದ್ದರು. ರಿಪೇರಿಯವನು ಬಂದು, ಒಳಗಿನ ಮೆಮೊರಿ ಪಟ್ಟಿ ಸುಟ್ಟಿದೆ, ಹೊಸದು ಬರುವವರೆಗೆ ಯಾರದಾದರೂ ಇದ್ದರೆ ಹಾಕಬಹುದು ಎಂದ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅಂಥವು ಎರಡಿದ್ದವು. ಮಗ ಒಂದನ್ನು ತೆಗೆಸಿಕೊಟ್ಟ.

"ಎರಡೈತಲ್ಲ, ಒಂದು ಕೊಟ್ರೆ ಏನಾಯ್ತು ಅಂದ್ಕೊಂಡೆ. ತೆಗೆದ ಮೇಲೂ ಆನ್ ಆಗ್ತಿತ್ತು ಕಣಮ್ಮಿ. ಹೊಸದು ಬಂದ್ಮೇಲೆ ಹಾಕ್ಸಿದ್ರಾಯ್ತು ಅಂತಿದ್ದೆ. ಮರೆತೋಯ್ತು."

ಮೇಘನಾ ಹಣೆ ಒತ್ತಿಕೊಂಡಳು. ನಾನು, "ಒಂದು ತೆಗೆದ್ರೆ ಏನಾಯ್ತೇ" ಎಂದು ಕೇಳಿದೆ. ನನಗೂ ಮಗನ ಮಾತು ಸರಿ ಅನ್ನಿಸಿತ್ತು. ನೆರೆಯವರು ಹೆಪ್ಪಿಗೆ ಮಜ್ಜಿಗೆ ಕೇಳಿದರೆ ಇರುವುದರಲ್ಲಿ ಅರ್ಧ ಕೊಡುವುದಿಲ್ಲವೇ.

"ಹಣವಂತ್ರ ಕಂಪ್ಯೂಟರ್ನಲ್ಲಿ ಚಿತ್ರ ಬರೆಯೋಕೆ ಅಂತ್ಲೇ ಬೇರೆ ಕಾರ್ಡ್ ಇರ್ತೈತೆ ಅಜ್ಜಿ, ಅದಕ್ಕೆ ಅದರದ್ದೇ ಮೆಮೊರಿ" ಎಂದಳು. "ನಮ್ದ್ರಲ್ಲಿ ಅದಿಲ್ಲ. ಲೆಕ್ಕ ಮಾಡೋ ಪ್ರೊಸೆಸರ್ ಒಳಗೇ ಚಿತ್ರ ಬರೆಯೋದೂ ಸೇರ್ಕೊಂಡೈತೆ. ಲೆಕ್ಕ, ಚಿತ್ರ ಇಬ್ರೂ ಅದೇ ಎರಡು ಪಟ್ಟಿ ಮೇಲೇ ಬದುಕ್ಬೇಕು. ಎರಡು ಜೋಡೀಲಿ ಎಳೀತಿದ್ರೆ ಮಾತ್ರ ಆಟ ಓಡ್ತೈತೆ. ಒಂದು ತೆಗೆದ್ರೆ ಕಂಪ್ಯೂಟರ್ ಏನೋ ಏಳ್ತೈತೆ, ಆಟ ಕುಂಟ್ತೈತೆ."

ಆಗ ನನಗೆ ತಿಳಿಯಿತು. ಫೋನಿನ ಹತ್ತಿರ ಬಾಯಿ ತಂದು, "ಲೋ ರಂಗ, ನೊಗದಿಂದ ಒಂದೆತ್ತು ಬಿಚ್ಚಿ ಸಾಲ ಕೊಟ್ಟಿದ್ದೀಯ ಕಣೋ. ಇನ್ನೊಂದು ನಿಂತೈತೆ ಅಂತ ಉಳೋಕಾಗ್ತದಾ" ಎಂದೆ.

"ನೀ ಯಾಕವ್ವ ಅದಕ್ಕೋಸ್ಕರ ಬೇಲೂರಿಗೆ ಹೋದೆ?" ಎಂದ.

ಮೇಘನಾ ಹೇಳಿದಳು. ಅವನು, "ಬತ್ತೀನಿ" ಎಂದಷ್ಟೇ ಹೇಳಿ ಫೋನ್ ಇಟ್ಟ.

ನಾನು ಒಳಗೆ ಹೋಗಿ ಅವಳು ಮಾಡಿದ್ದ ಸಾರಿಗೆ ಎರಡು ಮುದ್ದೆ ಉಂಡೆ. ಅಷ್ಟು ದಿನ ತಿಂದದ್ದು ಮಣ್ಣೋ ಅನ್ನವೋ ಗೊತ್ತಿರಲಿಲ್ಲ. ತಟ್ಟೆ ತೊಳೆಯುವಾಗ ಮೇಘನಾ ಪಕ್ಕ ಬಂದು ನಿಂತಳು.

"ಒಂದ್ವೇಳೆ ನಿಜವಾಗ್ಲೂ ಆಗಿದ್ರೆ? ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕೂತಿದ್ಯಲ್ಲ. ಡಾಕ್ಟರು ತಕ್ಷಣ ಅಂದಿರ್ಲಿಲ್ವಾ?"

"ಅಂದಿದ್ರು."

"ಮತ್ತೆ?"

ನಾನು ತಟ್ಟೆ ತೊಳೆದು ಬೋರಲು ಹಾಕಿದೆ. ಅವಳಿಗೆ ಗೋಡೆಯ ವಿಷಯ ಹೇಳಲಿಲ್ಲ. ಇದನ್ನು ತಿದ್ದುವಾಗ ಓದಿ ತಿಳಿದುಕೊಂಡಳು. ಓದಿ ಎದ್ದು ಹೊರಗೆ ಹೋದಳು, ಆಮೇಲೆ ಬಂದು ಮುಂದಿನ ಸಾಲು ತಿದ್ದಿದಳು.

ಮಗ ಸಂಜೆಯೇ ಬಂದ. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಮರುದಿನ ಬೇಡ ಅಂದರೂ ಹಾಸನಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದ. ಹಳೆಯದು ಬಿಟ್ಟರೆ ಹೊಸದೇನೂ ಇಲ್ಲ ಎಂದರು. ಊರಿಗೆ ಬಂದ ಮೇಲೆ ಡೈರಿಗೆ ಹೊಸ ಪಟ್ಟಿ ತರಿಸಿ ಹಾಕಿದರು, ನಮ್ಮದು ನಮ್ಮ ಡಬ್ಬಕ್ಕೆ ವಾಪಸ್ ಬಂತು. ಲತಾ ಈಗ, "ಅತ್ತೆ, ಇವತ್ತು ಗಾಳಿ ಹೆಂಗೈತೆ" ಎಂದು ಕೇಳುತ್ತಾಳೆ. ಗಾಳಿ ಇರಲಿ ಬಿಡಲಿ, ನನ್ನ ಮೊರದಿಂದ ಕಾಳು ಬೀಳುವುದಿಲ್ಲ. ಅವತ್ತು ಚೆಲ್ಲಿದ್ದು ಕೈಯ ತಪ್ಪಲ್ಲ, ಭಯದ್ದು.

ಮೇಘನಾ ಆ ಹಸಿರು ಅಂಕಿ ತೆಗೆದುಬಿಡುತ್ತೇನೆ ಎಂದಳು. ಬೇಡ ಎಂದೆ. ಪಾಪ, ಅದರ ಕಷ್ಟ ಅದು ಹೇಳಿಕೊಳ್ಳುತ್ತದೆ, ಹೇಳಿಕೊಳ್ಳಲಿ. ನನಗೆ ಅಷ್ಟು ಬುದ್ಧಿ ಇರಲಿಲ್ಲ. ಈಗ ಸುರಂಗ ದಾಟಿದ್ದೇನೆ.

ಆದರೂ ಒಂದು ಮಾತು ನಿಜವಾಗಿ ಹೇಳಬೇಕು. ಭಯ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಯಾವುದು ತಡವಾದರೂ ಮೊದಲು ನನ್ನನ್ನೇ ಅನುಮಾನಿಸುತ್ತೇನೆ. ಮೊನ್ನೆ ಟಿವಿಯಲ್ಲಿ ಮಾತಾಡುತ್ತಿದ್ದವಳ ಬಾಯಿ ತೆರೆದದ್ದು ತೆರೆದ ಹಾಗೇ ನಿಂತುಬಿಟ್ಟಿತು. ನಾನು ಸೆರಗಿನೊಳಗೆ ಎಡಗೈಯ ಬೆರಳು ಒಂದೊಂದೇ ಹೆಬ್ಬೆರಳಿಗೆ ಮುಟ್ಟಿಸಿ ನೋಡಿಕೊಂಡೆ. ನಾಲ್ಕೂ ಬಂದವು. ಆಮೇಲೆ ಲತಾಳನ್ನು ಕೂಗಿ, "ಟಿವಿ ನಿಂತೈತೆ ನೋಡೇ" ಎಂದೆ.